ಒಳ್ಳೇದು, ಮುಂದೆ

ನಮ್ಮ ಆಫೀಸಿನಲ್ಲಿ ಬೆಳಗಿನ ಮೀಟಿಂಗನ್ನು ನಿಂತುಕೊಂಡೇ ಮಾಡಬೇಕು. ಕೂತರೆ ಜನ ಮಾತು ಬೆಳೆಸುತ್ತಾರೆ, ನಿಂತರೆ ಕಾಲು ನೋಯುತ್ತದೆ, ಕಾಲು ನೋಯುವವರು ಬೇಗ ಮುಗಿಸುತ್ತಾರೆ ಎಂದು ಕಾಲು ಗಟ್ಟಿಯಿರುವ ಯಾರೋ ಮಹಾನುಭಾವರು ಕಂಡುಹಿಡಿದಿದ್ದಾರೆ. ಅವರಿಗೂ ನನ್ನಂಥ ಮಂಡಿ ಸಿಗಲಿ ಎಂದು ದಿನಾ ಬೆಳಿಗ್ಗೆ ಮನಸಾರೆ ಹರಸುತ್ತೇನೆ.

ನಾವು ಮಾಡುವುದು ಟೋಕನ್ ಸಾಫ್ಟ್‌ವೇರ್. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಗೋಡೆಯ ಮೇಲಿನ ಪರದೆ ‘ಮುಂದಿನವರು ಬನ್ನಿ’ ಎಂದು ಕರೆಯುತ್ತದಲ್ಲ, ಅದು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆಫೀಸಿನಲ್ಲಿ ಇದಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಪುಕ್ಕಟೆ ಮಾಡುತ್ತೀಯ ಎನ್ನುತ್ತಾನೆ ನನ್ನ ಗಂಡ. ಆ ಮಾತಿನಲ್ಲೂ ಒಂದು ತಪ್ಪಿದೆ, ಆದರೆ ಇಲ್ಲಿ ಬೇಡ.

ನಮ್ಮ ತಂಡದ ನಾಯಕರನ್ನು ನಾವು ಬೆನ್ನ ಹಿಂದೆ ‘ಮುಂದೆ ಸಾರ್’ ಎನ್ನುತ್ತೇವೆ. ಕೆಟ್ಟ ಮನುಷ್ಯರಲ್ಲ. ಬೈಯುವುದಿಲ್ಲ, ಕೂಗಾಡುವುದಿಲ್ಲ, ರಜೆ ಕೇಳಿದರೆ ಮುಖ ಗಂಟು ಹಾಕಿಕೊಳ್ಳುವುದಿಲ್ಲ. ಆದರೆ ಯಾರು ಏನು ಹೇಳಿದರೂ ಅವರ ಬಾಯಿಂದ ಬರುವುದು ಒಂದೇ ಮಾತು: “ಒಳ್ಳೇದು, ಮುಂದೆ.” ಕೆಲಸ ಮುಗಿಯಿತು ಎಂದರೆ ಒಳ್ಳೇದು, ಮುಂದೆ. ಸರ್ವರ್ ಮಲಗಿಬಿಟ್ಟಿದೆ, ಎಬ್ಬಿಸಿದರೂ ಏಳುತ್ತಿಲ್ಲ ಎಂದರೂ ಒಳ್ಳೇದು, ಮುಂದೆ. ನಮ್ಮಲ್ಲಿ ಪರದೆಯ ಅಕ್ಷರ, ಬಣ್ಣ, ಗುಂಡಿಗಳನ್ನು ಜೋಡಿಸುವ ಹುಡುಗಿಯೊಬ್ಬಳಿದ್ದಾಳೆ, ಬಣ್ಣದ ಹುಡುಗಿ ಎಂದೇ ಅವಳ ಹೆಸರು. ಒಂದು ದಿನ ಬೇಕೆಂದೇ “ಸಾರ್, ನಿನ್ನೆ ಮಾಡಿದ್ದನ್ನೆಲ್ಲಾ ಬೆಕ್ಕು ತಿಂದ್ಬಿಡ್ತು” ಎಂದಳು. ಒಳ್ಳೇದು, ಮುಂದೆ. ಮುಂದೆ ಇದ್ದವಳು ನಾನು. ನಗು ತಡೆಯಲಾರದೆ ಕೆಮ್ಮಿದೆ. ಅದಕ್ಕೂ ಒಳ್ಳೇದು.

ಈ ಸುದ್ದಿ ಹೇಗೋ ಮೇಲಿನವರ ಕಿವಿಗೆ ಬಿತ್ತು. ದೊಡ್ಡ ಸಾಹೇಬರು, ಅಂದರೆ ಇಡೀ ಕಂಪನಿಯ ಯಜಮಾನರು, ಒಬ್ಬ ತರಬೇತಿಯವರನ್ನು ಕರೆಸಿದರು. ನಾಯಕರಿಗೆ ಮಾತಾಡಲು, ಕೇಳಿಸಿಕೊಳ್ಳಲು, ಜನರ ಜೊತೆ ಬೆರೆಯಲು ಕಲಿಸುವುದೇ ಅವರ ಕಸುಬು. ಮೆತ್ತನೆ ಬೂಟು ಹಾಕಿಕೊಂಡು ಬಂದು ನಮ್ಮ ಮುಂದೆ ನಿಂತ ಆ ಗುರುಗಳು, ಎದುರಿನವರು ಹೇಳಿದ್ದನ್ನೇ ತಿರುಗಿಸಿ ಹೇಳಬೇಕು, ಆಗ ಅವರಿಗೆ ತಮ್ಮ ಮಾತು ತಲುಪಿತೆಂದು ಸಮಾಧಾನವಾಗುತ್ತದೆ ಎಂದರು. ಹೌದು-ಇಲ್ಲ ಎಂದು ಉತ್ತರಿಸಲಾಗದ ಪ್ರಶ್ನೆ ಕೇಳಬೇಕು ಎಂದರು. ಆಗಾಗ ಸುಮ್ಮನಿದ್ದು ತಲೆಯಾಡಿಸಬೇಕು ಎಂದರು. ಮುಂದೆ ಸಾರ್ ಎಲ್ಲವನ್ನೂ ಬರೆದುಕೊಂಡು, ಕೊನೆಗೆ ಗುರುಗಳ ಕೈ ಕುಲುಕಿ, “ಒಳ್ಳೇದು, ಮುಂದೆ” ಎಂದರು.

ಗುರುಗಳು ಹೋಗುವ ಮೊದಲು ಒಂದು ನಿಯಮವನ್ನೂ ಒಂದು ಹಿತ್ತಾಳೆ ಗಂಟೆಯನ್ನೂ ಬಿಟ್ಟುಹೋದರು. ದಿನಾ ಬೆಳಿಗ್ಗೆ ಎಲ್ಲರೂ ಸುತ್ತ ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಕೆಲಸಕ್ಕೆ ಅಡ್ಡಿ ಏನಾದರೂ ಇದೆಯೇ ಎಂದು ಹೇಳಬೇಕು. ಅಡ್ಡಿ ಇದ್ದರೆ ಅದನ್ನು ಪೂರ್ತಿ ಕೇಳುವವರೆಗೆ ನಾಯಕರು ಗಂಟೆ ಬಾರಿಸುವಂತಿಲ್ಲ. ಗಂಟೆ ಬಾರಿಸದೆ ಯಾರೂ ಕೂರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ನಡುವೆ ಒಳಗೆ ಬಂದವರೂ ಜೊತೆಗೆ ನಿಲ್ಲಬೇಕು. ಬಾತ್‌ರೂಮಿಗೆ ಹೋಗಬಹುದೇ ಎಂದು ಕೇಳಿದೆ. “ಅದೂ ಒಂದು ಅಡ್ಡಿನೇ ಮೇಡಂ, ಹೇಳ್ಕೊಳ್ಳಿ” ಎಂದರು ಗುರುಗಳು. ದೊಡ್ಡ ಸಾಹೇಬರು ನಿಯಮಕ್ಕೆ ಸಹಿ ಮಾಡಿ, ಚೌಕಟ್ಟು ಹಾಕಿಸಿ ಗೋಡೆಗೆ ಬಡಿಸಿದರು. ಮೀಟಿಂಗ್ ಕೋಣೆಯ ಕುರ್ಚಿಗಳನ್ನೆಲ್ಲ ಹೊರಗಿನ ಕಾರಿಡಾರಿಗೆ ಸಾಗಿಸಿದರು.

ಆಮೇಲೆ ಆದದ್ದು ಇಷ್ಟೇ. ಎಲ್ಲರೂ ‘ಅಡ್ಡಿ ಇಲ್ಲ’ ಎನ್ನತೊಡಗಿದೆವು. ಕೈಯಲ್ಲಿ ಕಂಪ್ಯೂಟರ್ ಹೊಗೆ ಉಗುಳುತ್ತಿದ್ದರೂ ಅಡ್ಡಿ ಇಲ್ಲ. ಮಂಡಿ ಇರುವವರು ಇನ್ನೇನು ಹೇಳಿಯಾರು?

ನಾವು ಮೌನಿ ಎಂದು ಕರೆಯುವವರೊಬ್ಬರಿದ್ದಾರೆ, ಅವರದು ಮಾತ್ರ ಮೊದಲಿಂದಲೂ ಮಾತು ಕಡಿಮೆ. ಸಾಲಿನಲ್ಲಿ ಮುಂದೆ ಯಾರ ಸರದಿ ಎಂದು ಲೆಕ್ಕ ಹಾಕುವ ಭಾಗವನ್ನು ಬರೆಯುವವರು ಅವರು. ದನಿ ಎಷ್ಟು ಮೆಲ್ಲಗೆ ಎಂದರೆ ಪಕ್ಕದಲ್ಲಿ ನಿಂತವರಿಗೂ ತುಟಿ ಅಲ್ಲಾಡಿದ್ದಷ್ಟೇ ಗೊತ್ತಾಗುತ್ತದೆ. ನನಗೆ ಅವರ ಮೇಲೆ ತುಂಬ ಗೌರವ. ನಮ್ಮ ಕಟ್ಟಡದ ಗಾಜಿನ ಬಾಗಿಲು ಕಾರ್ಡ್ ತೋರಿಸಿದರೆ ತೆರೆಯುತ್ತದೆ, ಸ್ವಲ್ಪ ಹೊತ್ತು ಹಿಡಿದುಕೊಂಡರೆ ಕಿಟಾರನೆ ಅರಚುತ್ತದೆ. ಹಾಗಾಗಿ ಎಲ್ಲರೂ ನಾಯಿ ಅಟ್ಟಿಸಿಕೊಂಡು ಬಂದವರಂತೆ ಒಳಗೆ ನುಗ್ಗುತ್ತಾರೆ. ಮೌನಿ ಹಾಗಲ್ಲ. ಈಚೆಗೆ ದಿನಾ ಬೆಳಿಗ್ಗೆ ಬಾಗಿಲ ಪಕ್ಕ ನಿಂತು, ನಾನು ಕಾರ್ಡ್ ತೋರಿಸಿದ ಮೇಲೆ, ನನಗೆ ದಾರಿ ಬಿಟ್ಟು, ನನ್ನ ಹಿಂದೆ ಬರುತ್ತಿದ್ದರು. ಹೆಂಗಸರಿಗೆ ಮರ್ಯಾದೆ ಕೊಡುವುದೆಂದರೆ ಹೀಗೆ ಎಂದು ಗಂಡನಿಗೆ ಉದಾಹರಣೆ ಕೊಡುತ್ತಿದ್ದೆ. ಅವನು ಮೂಗು ಮುರಿಯುತ್ತಿದ್ದ.

ಆ ದಿನ ಮಧ್ಯಾಹ್ನ ಕಣ್ಣಾಸ್ಪತ್ರೆಯವರು ಬಂದು ನಮ್ಮ ಸಾಫ್ಟ್‌ವೇರನ್ನು ಕೈಗೆ ತೆಗೆದುಕೊಳ್ಳುವವರಿದ್ದರು. ದೊಡ್ಡ ಸಾಹೇಬರು ಬೆಳಿಗ್ಗೆಯೇ ಬಂದು ಎಲ್ಲರ ಎದುರಿಗೇ ಮುಂದೆ ಸಾರ್ ಅವರಿಗೆ ಹೇಳಿದರು:

“ಇವತ್ತು ಏನಾದ್ರೂ ಎಡವಟ್ಟಾದ್ರೆ, ಮೂರನೇ ಮಹಡಿ.”

ಮೂರನೇ ಮಹಡಿಯಲ್ಲಿ ಯಾವ ತಂಡವೂ ಇಲ್ಲ. ಕಟ್ಟಡದಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರುಗಳಿವೆಯಲ್ಲ, ಅವುಗಳ ತಾರೀಖು ಮುಗಿದಿದೆಯೇ ನೋಡುವ ಒಂದು ಮೇಜು ಇದೆ. ಹಿಂದಿನ ನಾಯಕರನ್ನು ಅಲ್ಲಿಗೆ ಕಳಿಸಿದ್ದರು. ಅವರು ಅಲ್ಲೇ ನಿವೃತ್ತರಾದರಂತೆ. ಬೀಳ್ಕೊಡುಗೆ ಮಾಡಲಿಲ್ಲ, ಅವರಿದ್ದದ್ದೇ ಎಲ್ಲರಿಗೂ ಮರೆತುಹೋಗಿತ್ತು. ಮುಂದೆ ಸಾರ್ ಮುಖ ಸುಣ್ಣ ಬಳಿದಂತಾಯಿತು. ನನಗೇ ಪಾಪ ಅನ್ನಿಸಿತು.

ಮೀಟಿಂಗ್ ಶುರುವಾಯಿತು. ಬಣ್ಣದ ಹುಡುಗಿ ಅಡ್ಡಿ ಇಲ್ಲ ಎಂದಳು. ಒಳ್ಳೇದು, ಮುಂದೆ. ನಾನು ಅಡ್ಡಿ ಇಲ್ಲ ಎಂದೆ. ಒಳ್ಳೇದು, ಮುಂದೆ. ಕೊನೆಗೆ ಮೌನಿಯ ತುಟಿ ಅಲ್ಲಾಡಿತು.

“ಒಳ್ಳೇದು” ಎಂದು ಮುಂದೆ ಸಾರ್ ಗಂಟೆಯ ಹಗ್ಗಕ್ಕೆ ಕೈ ಹಾಕಿದರು.

“ಸಾರ್, ನಿಲ್ಲಿ ನಿಲ್ಲಿ” ಎಂದರು ಎಚ್‌ಆರ್ ಮೇಡಂ. ನಿಯಮ ಸರಿಯಾಗಿ ನಡೆಯುತ್ತಿದೆಯೇ ನೋಡಲು ಅವರು ದಿನಾ ಮೂಲೆಯಲ್ಲಿ ನಿಲ್ಲುತ್ತಾರೆ. “ಅವರು ಅಡ್ಡಿ ಇದೆ ಅಂದ್ರು.”

ನಿಯಮ ಬಂದ ಮೇಲೆ ‘ಇದೆ’ ಎಂಬ ಪದವನ್ನು ಆ ಕೋಣೆ ಕೇಳಿಯೇ ಇರಲಿಲ್ಲ. ಮುಂದೆ ಸಾರ್ ಕಣ್ಣು ಪಿಳಿಪಿಳಿ ಬಿಟ್ಟರು. ಒಮ್ಮೆ ದಾಟಿ ಬಂದವರ ಹತ್ತಿರಕ್ಕೆ ಹಿಂದೆ ಹೋಗುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

“ಏನು ಅಡ್ಡಿ?” ಎಂದು ಕೇಳಿದರು.

“ಹೇಳಲ್ಲ ಸಾರ್.”

“ಯಾಕೆ?”

“ಒಂದ್ಸಲ ಹೇಳಿದ್ದೀನಿ. ಇಲ್ಲೇ, ಇದೇ ಜಾಗದಲ್ಲಿ ನಿಂತ್ಕೊಂಡು. ಕೇಳಿಸ್ಕೊಂಡೋರು ಯಾರಾದ್ರೂ ಇದ್ರೆ ಅವರೇ ಹೇಳ್ಲಿ.”

ಮುಂದೆ ಸಾರ್ ಜೇಬಿನಿಂದ ತರಬೇತಿಯ ಚೀಟಿ ತೆಗೆದು, ಓದಿ, ಗಂಟಲು ಸರಿಮಾಡಿಕೊಂಡರು.

“ಅಂದ್ರೆ, ನೀವು ಒಂದ್ಸಲ ಹೇಳಿದ್ದೀನಿ ಅಂತ ಹೇಳ್ತಿದ್ದೀರಿ.”

“ಹೌದು.”

“ಅಂದ್ರೆ, ಹೌದು ಅಂತ ಹೇಳ್ತಿದ್ದೀರಿ.”

“ಹೌದು ಸಾರ್.”

“ಅಂದ್ರೆ, ಹೌದು ಸಾರ್ ಅಂತ...”

“ಸಾಕು ಸಾರ್” ಎಂದೆ ನಾನು. “ಇದು ಸಂಜೆತನಕ ಹೋಗುತ್ತೆ.”

ಹೌದು-ಇಲ್ಲ ಬಾರದ ಪ್ರಶ್ನೆ ಕೇಳಿದರು: “ಈ ಅಡ್ಡಿಯ ಬಗ್ಗೆ ನಿಮಗೆ ಹೇಗೆ ಅನ್ನಿಸ್ತಿದೆ?” ಮೌನಿ ಯೋಚಿಸಿ, “ಅಡ್ಡಿ ಇದ್ದಂಗೆ ಅನ್ನಿಸ್ತಿದೆ” ಎಂದರು. ಆಮೇಲೆ ಸುಮ್ಮನಿದ್ದು ತಲೆಯಾಡಿಸುವ ಪಾಠ. ಮುಂದೆ ಸಾರ್ ತಲೆಯಾಡಿಸಿದರು. ಮೌನಿಯೂ ತಲೆಯಾಡಿಸಿದರು. ಇಬ್ಬರೂ ಎದುರುಬದುರು ನಿಂತು, ಸಂತೆಯಲ್ಲಿ ಮಾರುವ ತಲೆಯಾಡಿಸುವ ಗೊಂಬೆಗಳ ಜೋಡಿಯ ಹಾಗೆ, ಬಹಳ ಹೊತ್ತು ತಲೆಯಾಡಿಸಿದರು. ನನ್ನ ಎಡಮಂಡಿ ಅಳುವುದಕ್ಕೆ ಶುರುಮಾಡಿತು.

ನೆನಪಿಸಿಕೊಳ್ಳುವುದೊಂದೇ ದಾರಿ ಎಂದು ಎಲ್ಲರಿಗೂ ಹೊಳೆಯಿತು.

“ಎಸಿ ತುಂಬಾ ತಣ್ಣಗಿದೆ ಅಂದಿದ್ರಾ?” ಎಂದಳು ಬಣ್ಣದ ಹುಡುಗಿ.

ಮೌನಿ ಇಲ್ಲವೆಂದರು.

“ಕೀಬೋರ್ಡಲ್ಲಿ ಇರುವೆ ಅಂದಿದ್ರಿ” ಎಂದೆ ನಾನು. ನನಗದು ಖಚಿತವಾಗಿತ್ತು.

“ಅದು ನಿಮ್ಮ ಕೀಬೋರ್ಡು ಮೇಡಂ.”

ಹೌದು, ಅದು ನನ್ನದೇ. ನಿಜ ಹೇಳಬೇಕೆಂದರೆ ಬೆಳಗಿನ ಮೀಟಿಂಗಿನಲ್ಲಿ ನಮ್ಮಲ್ಲಿ ಯಾರೂ ಇನ್ನೊಬ್ಬರ ಮಾತು ಕೇಳುವುದಿಲ್ಲ. ನಮ್ಮ ಸರದಿ ಬಂದಾಗ ಏನು ಹೇಳಬೇಕೆಂದು ಬಾಯೊಳಗೇ ಉರು ಹೊಡೆಯುತ್ತಿರುತ್ತೇವೆ. ಹೇಳಿ ಮುಗಿದ ಮೇಲೆ, ಹೇಳಿದ್ದು ಸರಿಯಾಯಿತೇ ಎಂದು ಯೋಚಿಸುತ್ತಿರುತ್ತೇವೆ. ಕೇಳಿಸಿಕೊಳ್ಳಲು ಹೊತ್ತೆಲ್ಲಿ?

ಎಚ್‌ಆರ್ ಮೇಡಂ ಗಾಬರಿಯಾಗಿ ಗುರುಗಳಿಗೆ ಫೋನ್ ಮಾಡಿದರು. ಅದೇ ಬೀದಿಯ ಇನ್ನೊಂದು ಆಫೀಸಿನಲ್ಲಿ ಪಾಠ ಹೇಳುತ್ತಿದ್ದ ಅವರು ನಗುನಗುತ್ತ ಒಳಗೆ ಬಂದರು. ಬಂದ ಮೇಲೆ ಅವರೂ ನಿಲ್ಲಬೇಕಾಯಿತು, ನಿಯಮ ಅವರದೇ. ಮೌನಿಯ ಹತ್ತಿರ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು, “ನಿಮ್ಮೊಳಗೆ ನೋವಿದೆ” ಎಂದರು.

“ನಿಮ್ಮ ಬೂಟು ನನ್ನ ಕಾಲ ಮೇಲಿದೆ” ಎಂದರು ಮೌನಿ.

ಅಲ್ಲಿಗೆ ಗುರುಗಳ ಪಾಠವೆಲ್ಲ ಮುಗಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಈ ನಿಯಮವನ್ನು ಸ್ವಲ್ಪ ಸಡಿಲಿಸಬಹುದೇ ಎಂದು ಪಿಸುಗುಟ್ಟಿದರು. ಎಚ್‌ಆರ್ ಮೇಡಂ ಗೋಡೆಯ ಮೇಲಿನ ಚೌಕಟ್ಟು ತೋರಿಸಿದರು. ನನಗೆ ಹೊಟ್ಟೆ ತುಂಬ ಖುಷಿಯಾಯಿತು.

ಆಸ್ಪತ್ರೆಯವರಿಗೆ ತೋರಿಸಬೇಕಾದ ಯಂತ್ರಗಳು ನಮ್ಮ ಮೇಜುಗಳ ಮೇಲಿದ್ದವು, ನಾವು ಇಲ್ಲಿದ್ದೆವು. ಕೆಲಸ ನಡೆಯುತ್ತಿಲ್ಲವೆಂದು ಗೊತ್ತಾಗಿ ದೊಡ್ಡ ಸಾಹೇಬರೇ ಬಂದರು. ಒಳಗೆ ಕಾಲಿಟ್ಟ ಮೇಲೆ ತಮ್ಮದೇ ಸಹಿ ಕಣ್ಣಿಗೆ ಬಿತ್ತು. ಹಲ್ಲು ಕಡಿಯುತ್ತ ಬಂದು ಸಾಲಿನಲ್ಲಿ ನಿಂತರು.

“ಏನ್ರೀ ನಿಮ್ಮ ಅಡ್ಡಿ? ಹೇಳ್ರೀ!”

“ಒಂದ್ಸಲ ಹೇಳಿದ್ದೀನಿ ಸಾರ್.”

“ಈಗಿಂದೀಗಲೇ ಹೇಳದಿದ್ರೆ ಕೆಲಸದಿಂದ ಕಿತ್ತಾಕ್ತೀನಿ!”

ಮೌನಿ ನಕ್ಕರು. ಅವರ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು. “ಅದು ನಿಮ್ಮಿಂದ ಆಗಲ್ಲ ಸಾರ್” ಎಂದರು, ಮೆಲ್ಲಗೆ, ಗರ್ವವೇನೂ ಇಲ್ಲದೆ. ಮೂಲೆಯಲ್ಲಿ ಎಚ್‌ಆರ್ ಮೇಡಂ ಯಾಕೋ ಮುಖ ಬೇರೆ ಕಡೆ ತಿರುಗಿಸಿದರು. ದೊಡ್ಡ ಸಾಹೇಬರು ಕಕ್ಕಾಬಿಕ್ಕಿಯಾಗಿ ಮುಂದೆ ಸಾರ್ ಕಡೆ ತಿರುಗಿ, ಮೂರು ಬೆರಳು ಎತ್ತಿ ತೋರಿಸಿದರು.

ಮುಂದೆ ಸಾರ್ ಬೆವರುತ್ತಿದ್ದರು. ಆ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಅವರ ಹೆಂಡತಿ ಬಂದರು. ಆಕೆ ಹಲ್ಲಿನ ಡಾಕ್ಟರು. ಗಂಡ ಮರೆತುಬಂದ ಕನ್ನಡಕವನ್ನೂ ಊಟದ ಡಬ್ಬಿಯನ್ನೂ ತಂದಿದ್ದರು.

“ರೀ, ಇದೇನ್ರೀ, ಎಲ್ರೂ ಶಿಕ್ಷೆ ಕೊಟ್ಟಂಗೆ ನಿಂತಿದ್ದೀರಿ?”

ಎಚ್‌ಆರ್ ಮೇಡಂ ನಿಯಮ ವಿವರಿಸಿದರು. ಆಕೆ ಪೂರ್ತಿ ಕೇಳಿ, ಹೊರಗೆ ಹೋಗಿ, ಕಾರಿಡಾರಿನಿಂದ ಒಂದು ಕುರ್ಚಿ ಎಳೆದುಕೊಂಡು ಬಂದು, ನಡುವೆ ಹಾಕಿಕೊಂಡು ಕೂತರು. ಯಾರೂ ತಡೆಯಲಿಲ್ಲ. ಅಸೂಯೆಯಿಂದ ನನ್ನ ಎರಡೂ ಮಂಡಿಗಳು ಅದುರಿದವು.

“ಏನಪ್ಪಾ” ಎಂದು ಅವರು ಮೌನಿಯನ್ನು ಕೇಳಿದರು. “ನೀನು ಹೇಳ್ದಾಗ ಇವರು ಏನಂದ್ರು?”

“ಒಳ್ಳೇದು, ಮುಂದೆ ಅಂದ್ರು.”

“ಓ!” ಎಂದು ಆಕೆ ಗಂಡನ ಕಡೆ ತಿರುಗಿದರು. “ಇಲ್ಲೂ ಅದೇನಾ? ಮನೇಲೂ ಹಂಗೇ ಕಣಪ್ಪಾ. ಮಗಳು ಹೊಟ್ಟೆನೋವು ಅಂದ್ರೆ ಒಳ್ಳೇದು, ಮುಂದೆ. ಅವಳ ಹಿಂದೆ ನಮ್ಮತ್ತೆ ನಿಂತಿರ್ತಾರೆ, ಅವರ ಹಿಂದೆ ನಾನು. ಈಗ ಮಗಳು ಹೇಳೋದೇ ಬಿಟ್ಟಿದ್ದಾಳೆ. ಮೊನ್ನೆ ಅವಳಿಗೆ ಶಾಲೇಲಿ ಬಹುಮಾನ ಬಂತು. ಪಕ್ಕದ ಮನೆಯವರು ಬಂದು ನಮಗೆ ಹೇಳಿದ್ರು.”

ಮುಂದೆ ಸಾರ್ ಬಾಯಿ ತೆರೆದರು. “ಬಹುಮಾನ ಬಂತಾ? ಯಾವುದಕ್ಕೆ?”

“ಭಾಷಣಕ್ಕೆ.”

ಯಾರೂ ನಗಲಿಲ್ಲ. ದೊಡ್ಡ ಸಾಹೇಬರು ಸಹ ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಂಡರು, ಅವರ ಮನೆಯಲ್ಲೂ ಯಾರೋ ಹೇಳುವುದು ಬಿಟ್ಟಿರಬೇಕು.

ಮುಂದೆ ಸಾರ್ ಕನ್ನಡಕ ಹಾಕಿಕೊಂಡರು. ಕೈಯಲ್ಲಿದ್ದ ತರಬೇತಿಯ ಚೀಟಿಯನ್ನು ನೋಡಿ, ಮಡಿಸಿ, ಗುರುಗಳ ಕೈಗೆ ಕೊಟ್ಟರು. ಮೌನಿಯ ಎದುರಿಗೆ ಹೋಗಿ ನಿಂತರು.

“ನನಗೆ ನೆನಪಿಲ್ಲ” ಎಂದರು. “ಮರೆತಿದ್ದಲ್ಲ, ನಾನು ಕೇಳಿಸ್ಕೊಂಡೇ ಇಲ್ಲ. ನೀವು ಬಾಯಿ ತೆಗೆದಾಗ ನಾನು ಗಡಿಯಾರ ನೋಡ್ತಿದ್ದೆ. ಬೇಗ ಮುಗಿದ್ರೆ ಸಾಕು, ಯಾರೂ ಕೆಟ್ಟ ಸುದ್ದಿ ಹೇಳದಿದ್ರೆ ಸಾಕು ಅಂತ. ತಪ್ಪಾಯ್ತು. ಇನ್ನೊಂದ್ಸಲ ಹೇಳ್ತೀರಾ?”

ಮೌನಿ ಅವರನ್ನೇ ನೋಡಿದರು. ನಾವೆಲ್ಲ ಕಿವಿ ಮುಂದೆ ಮಾಡಿದೆವು. ಆ ಕೋಣೆಯಲ್ಲಿ ಅಷ್ಟು ಕಿವಿಗಳು ಒಟ್ಟಿಗೆ ಕೆಲಸ ಮಾಡಿದ್ದು ಅದೇ ಮೊದಲು.

“ನಾನು ಕೆಲಸ ಬಿಟ್ಟಿದ್ದೀನಿ ಸಾರ್” ಎಂದರು.

“ಬಿಡ್ತೀರಾ? ಯಾವಾಗ?”

“ಬಿಡ್ತೀನಿ ಅಲ್ಲ, ಬಿಟ್ಟಾಯ್ತು. ಹೋದ ತಿಂಗಳೇ. ಕೊನೇ ದಿನ ಇಲ್ಲೇ ನಿಂತು ಹೇಳಿದ್ನಲ್ಲ. ಇವತ್ತು ನನ್ನ ಕೊನೇ ದಿನ, ಎಲ್ಲರ ಜೊತೆ ಕೆಲಸ ಮಾಡಿದ್ದು ಸಂತೋಷ, ಹೋಗಿಬರ್ತೀನಿ ಅಂದೆ. ನೀವು ಒಳ್ಳೇದು, ಮುಂದೆ ಅಂದ್ರಿ. ಮುಂದೆ ಈ ಮೇಡಂ ಇದ್ರು. ಕೀಬೋರ್ಡಲ್ಲಿ ಇರುವೆ ಅಂದ್ರು.”

ಎಲ್ಲರೂ ನನ್ನ ಕಡೆ ನೋಡಿದರು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು, ಒಳಗೆ ಕೂರಲಿಕ್ಕಾದರೂ ಜಾಗ ಸಿಗುತ್ತಿತ್ತು.

“ಮತ್ತೆ ದಿನಾ ಬರ್ತಿದ್ದೀಯಲ್ಲಪ್ಪಾ?” ಎಂದು ಡಾಕ್ಟರಮ್ಮ ಕೇಳಿದರು.

“ಮಾರನೇ ದಿನ ಛತ್ರಿ ಮರೆತಿದ್ದೆ ಅಂತ ಬಂದೆ ಮೇಡಂ. ಯಾರೋ ಕರೆದು ಇದೊಂಚೂರು ನೋಡಿ ಅಂದ್ರು, ನೋಡಿದೆ. ಇನ್ಯಾರೋ ನಾಳೆ ಇದನ್ನ ಮುಗಿಸಿ ಅಂದ್ರು, ಮುಗಿಸಿದೆ. ಬೆಳಿಗ್ಗೆ ಎಲ್ಲರ ಜೊತೆ ನಿಂತೆ. ಅಡ್ಡಿ ಇಲ್ಲ ಅಂದೆ.”

ದೊಡ್ಡ ಸಾಹೇಬರು ಎಚ್‌ಆರ್ ಮೇಡಂ ಕಡೆ ತಿರುಗಿದರು. ಆಕೆಯ ಮುಖ ಕೆಂಪಗಾಗಿತ್ತು. “ರಾಜೀನಾಮೆ ಬಂದಿತ್ತು ಸಾರ್, ನಾನೇ ಒಪ್ಕೊಂಡೆ. ಕಾರ್ಡೂ ವಾಪಸ್ ತಗೊಂಡೆ. ಆಮೇಲೂ ಇಲ್ಲೇ ಕಾಣ್ತಿದ್ರು. ಯಾರೋ ಮತ್ತೆ ಕರೆಸ್ಕೊಂಡಿರಬೇಕು ಅಂದ್ಕೊಂಡೆ. ಕೇಳೋಣ ಅಂದ್ರೆ...” ಕೇಳಬೇಕೆಂದರೆ ಮಾತಾಡಬೇಕು, ಮಾತಾಡಿದರೆ ಮೀಟಿಂಗ್ ಬೆಳೆಯುತ್ತದೆ, ನಮಗೆಲ್ಲ ಗೊತ್ತಿದ್ದದ್ದೇ.

ಕಾರ್ಡ್ ವಾಪಸ್ ಕೊಟ್ಟಿದ್ದಾರೆ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಗಾಜಿನ ಬಾಗಿಲು ನೆನಪಾಯಿತು. ಬಾಗಿಲ ಪಕ್ಕ ನಿಂತು ಕಾಯುತ್ತಿದ್ದದ್ದು ನನಗೆ ಮರ್ಯಾದೆ ಕೊಡಲಿಕ್ಕಲ್ಲ. ಕೆಲಸ ಬಿಟ್ಟ ಮನುಷ್ಯನನ್ನು ದಿನಾ ಕೆಲಸದೊಳಗೆ ಬಿಡುತ್ತಿದ್ದವಳು ನಾನು. ಒಂದು ದಿನವೂ ತಿರುಗಿ ನೋಡಿ, ಏನ್ರೀ ಹೇಗಿದ್ದೀರಿ ಎಂದು ಕೇಳಿರಲಿಲ್ಲ. ಬಾಗಿಲು ಅರಚುತ್ತದೆಂದು ಓಡುತ್ತಿದ್ದೆ.

“ಯಾಕಪ್ಪಾ ಬಿಟ್ಟೆ?” ಎಂದರು ಡಾಕ್ಟರಮ್ಮ.

“ಇಲ್ಲಿ ಯಾರೂ ಕೇಳಿಸ್ಕೊಳ್ಳಲ್ಲ ಅಂತ ಬಿಟ್ಟೆ ಮೇಡಂ.”

“ಮತ್ತೆ ಬರೋದ್ಯಾಕೆ?”

“ಬಿಟ್ಟಿದ್ದನ್ನೂ ಯಾರೂ ಕೇಳಿಸ್ಕೊಳ್ಳಲಿಲ್ಲವಲ್ಲ.”

ಆಗ ದೊಡ್ಡ ಸಾಹೇಬರ ಫೋನು ಹೊಡೆದುಕೊಂಡಿತು. ಕಣ್ಣಾಸ್ಪತ್ರೆಯವರು ಕೆಳಗೆ ಬಂದಿದ್ದರು. ದೊಡ್ಡ ಸಾಹೇಬರಿಗೆ ಜೀವ ಬಂದಂತಾಯಿತು.

“ಸರಿ, ಕೇಳಿಯಾಯ್ತಲ್ಲ, ಅಡ್ಡಿ ಮುಗೀತು. ಗಂಟೆ ಹೊಡೀರಿ. ಎಲ್ರೂ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ, ಯಂತ್ರ ಆನ್ ಮಾಡಿ.”

ಮುಂದೆ ಸಾರ್ ಹಗ್ಗ ಹಿಡಿದರು. ಅಷ್ಟರಲ್ಲಿ ಮೌನಿ, “ಇನ್ನೂ ಸ್ವಲ್ಪ ಇದೆ ಸಾರ್” ಎಂದರು.

“ಅದೆಲ್ಲಾ ಇನ್ನೊಂದಿನ!” ಎಂದರು ದೊಡ್ಡ ಸಾಹೇಬರು. “ನೋಡ್ರೀ, ಈಗ ಗಂಟೆ ಹೊಡೆದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ನಿಮಗೆ ಮೂರನೇ ಮಹಡಿನೇ ಗಟ್ಟಿ.”

ಮುಂದೆ ಸಾರ್ ಕೈ ಹಗ್ಗದ ಮೇಲೆಯೇ ಇತ್ತು. ಅವರು ಹೆದರಿದ್ದರು, ಅದು ಎಲ್ಲರಿಗೂ ಕಾಣುತ್ತಿತ್ತು. ಹೊಡೆದುಬಿಡಿ ಸಾರ್ ಎಂದು ನನ್ನ ಮಂಡಿಗಳು ಹೇಳಿದವು, ಹೊಡೀಬೇಡಿ ಎಂದು ನಾನು ಹೇಳಿಕೊಂಡೆ. ಹೆಂಡತಿ ಕುರ್ಚಿಯಲ್ಲಿ ಕೂತು ಗಂಡನನ್ನೇ ನೋಡುತ್ತಿದ್ದರು.

ಮುಂದೆ ಸಾರ್ ಹಗ್ಗ ಬಿಟ್ಟರು. ದೊಡ್ಡ ಸಾಹೇಬರ ಕಡೆ ತಿರುಗಿ, ಎಂದಿನ ದನಿಯಲ್ಲಿ “ಒಳ್ಳೇದು” ಎಂದರು. ಮತ್ತೆ ಮೌನಿಯ ಕಡೆ ತಿರುಗಿದರು.

“ಆಮೇಲೆ?” ಎಂದು ಕೇಳಿದರು.

ಮೌನಿ ಹೇಳತೊಡಗಿದರು. ಕೆಲಸ ಬಿಟ್ಟೆ ಎಂದು ಮನೆಯಲ್ಲಿ ಹೇಳಿದ್ದರಂತೆ. ಮಾರನೇ ದಿನ ಹೊರಟಾಗ ಹೆಂಡತಿ ಎಲ್ಲಿಗೆ ಎಂದು ಕೇಳಿದಳು, ಕೆಲಸ ಬಿಡೋದಕ್ಕೆ ಎಂದರು. ಅದರ ಮಾರನೇ ದಿನವೂ ಅದೇ. ಈಗೀಗ ಡಬ್ಬಿ ಕಟ್ಟಿಕೊಟ್ಟು, “ಇವತ್ತಾದ್ರೂ ಬಿಟ್ಟು ಬನ್ನಿ” ಎಂದು ಕಳಿಸುತ್ತಾಳಂತೆ. ಹೊಸ ಕೆಲಸದವರು ಎರಡು ಬಾರಿ ಫೋನ್ ಮಾಡಿದ್ದರಂತೆ, ಹಳೆಯದನ್ನು ಇನ್ನೂ ಪೂರ್ತಿ ಬಿಟ್ಟಾಗಿಲ್ಲ ಎಂದು ಇವರು ಹೇಳಿದರಂತೆ. ನಡುವೆ ಕಣ್ಣಾಸ್ಪತ್ರೆಯವರು ಬಾಗಿಲು ತೆರೆದು ಇಣುಕಿದರು, ಎಚ್‌ಆರ್ ಮೇಡಂ ಅವರನ್ನೂ ಸಾಲಿಗೆ ಸೇರಿಸಿದರು. ಅವರಲ್ಲಿ ಹಿರಿಯರೊಬ್ಬರು ಒಂದಿಷ್ಟು ಹೊತ್ತು ಕೇಳಿ, “ಅಲ್ಲಾರೀ, ಆ ಛತ್ರಿ ಸಿಕ್ತಾ?” ಎಂದರು.

ಛತ್ರಿ ಸಿಕ್ಕಿರಲಿಲ್ಲ. ಅದನ್ನೂ ಯಾರನ್ನೂ ಕೇಳಿರಲಿಲ್ಲವಂತೆ. “ಅದು ನನ್ನ ಟೇಬಲ್ ಕೆಳಗಿದೆ” ಎಂದಳು ಬಣ್ಣದ ಹುಡುಗಿ, ಅಳುವ ದನಿಯಲ್ಲಿ. “ಯಾರದೋ ಅಂತ ಎತ್ತಿಟ್ಟಿದ್ದೆ.”

ಮೌನಿ ಎಲ್ಲ ಹೇಳಿ ಮುಗಿಸಿ, ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟು, “ಅಷ್ಟೇ ಸಾರ್. ಅಡ್ಡಿ ಇಲ್ಲ” ಎಂದರು. ಗಂಟೆ ಹೊಡೆಯಿತು. ಅವರು ಛತ್ರಿ ತೆಗೆದುಕೊಂಡರು, ಒಬ್ಬೊಬ್ಬರಿಗೂ ಹೋಗಿಬರ್ತೀನಿ ಎಂದರು. ಮುಂದೆ ಸಾರ್ ಕೆಳಗಿನ ಬಾಗಿಲವರೆಗೆ ಹೋಗಿ ಕಳಿಸಿಬಂದರು. ನಾನು ಮೊದಲು ಮಾಡಿದ ಕೆಲಸವೆಂದರೆ ಕೂತದ್ದು.

ಆಸ್ಪತ್ರೆಯವರು ಸಾಫ್ಟ್‌ವೇರ್ ತೆಗೆದುಕೊಂಡು ಹೋದರು, ಯಾವ ತಕರಾರೂ ಮಾಡಲಿಲ್ಲ. ಆದರೂ ದೊಡ್ಡ ಸಾಹೇಬರು ಮಾತು ತಪ್ಪುವವರಲ್ಲ. ಮಾರನೇ ದಿನ ಮುಂದೆ ಸಾರ್ ಮೂರನೇ ಮಹಡಿಗೆ ಹೋದರು. ಅವರ ಜಾಗಕ್ಕೆ ಗುರುಗಳ ಹತ್ತಿರವೇ ಪಾಠ ಕಲಿತ ಹೊಸಬರು ಬಂದಿದ್ದಾರೆ. ಚುರುಕಾದ ಮನುಷ್ಯ. ಏನು ಹೇಳಿದರೂ, “ಸೂಪರ್, ನೆಕ್ಸ್ಟ್” ಎನ್ನುತ್ತಾರೆ.

ಮೂರನೇ ಮಹಡಿಯಲ್ಲಿ ಮುಂದೆ ಸಾರ್ ತಮ್ಮ ಮೇಜಿನ ಎದುರಿಗೆ ಕಾರಿಡಾರಿನಿಂದ ಒಂದು ಕುರ್ಚಿ ತಂದು ಹಾಕಿಕೊಂಡಿದ್ದಾರೆ. ಊಟದ ಬಿಡುವಿನಲ್ಲಿ ಅಲ್ಲಿಗೆ ಯಾರಾದರೊಬ್ಬರು ಹೋಗಿರುತ್ತಾರೆ. ಎಚ್‌ಆರ್ ಮೇಡಂ ಹೋಗುತ್ತಾರೆ, ಗುರುಗಳು ಒಮ್ಮೆ ಹೋಗಿ ಕಣ್ಣೊರೆಸಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಮಗಳೂ ಶಾಲೆ ಮುಗಿಸಿಕೊಂಡು ಅಲ್ಲಿಗೇ ಬರುತ್ತಾಳೆ. ಸಿಲಿಂಡರುಗಳ ತಾರೀಖು ಯಾರು ನೋಡುತ್ತಾರೋ ಗೊತ್ತಿಲ್ಲ. ನಾನು ಹೋದದ್ದು ಮಂಡಿಯ ವಿಷಯ ಹೇಳಲಿಕ್ಕೆ. ಹೇಳುತ್ತ ಹೇಳುತ್ತ ಗಂಡನ ವಿಷಯಕ್ಕೆ ಬಂದುಬಿಟ್ಟೆ. ಅವರು ‘ಆಮೇಲೆ?’ ಎನ್ನುತ್ತಲೇ ಇದ್ದರು.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಬಂದಾಗ ಗಾಜಿನ ಬಾಗಿಲ ಪಕ್ಕ ಮೌನಿ ನಿಂತಿದ್ದರು. ಕೈಯಲ್ಲಿ ಅದೇ ಛತ್ರಿ.

“ಮತ್ತೆ ಕೆಲಸ ಬಿಡೋದಕ್ಕೆ ಬಂದ್ರಾ?” ಎಂದೆ.

“ಇಲ್ಲ ಮೇಡಂ. ಸಾರ್‌ನ ನೋಡ್ಕೊಂಡು ಹೋಗೋಣ ಅಂತ.”

ಕಾರ್ಡ್ ತೋರಿಸಿದೆ, ಬಾಗಿಲು ತೆರೆಯಿತು. ಅಭ್ಯಾಸಬಲದಿಂದ ಒಂದು ಹೆಜ್ಜೆ ಒಳಗೆ ಇಟ್ಟವಳು ನಿಂತುಬಿಟ್ಟೆ. ಬಾಗಿಲನ್ನು ಹೆಗಲಿನಿಂದ ಒತ್ತಿ ಹಿಡಿದುಕೊಂಡು ಅವರ ಕಡೆ ತಿರುಗಿದೆ.

“ಹೇಗಿದ್ದೀರಿ?” ಎಂದು ಕೇಳಿದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ನಾನು ನಿಜವಾಗಿ ಕೇಳುತ್ತಿದ್ದೇನೆಯೇ ಎಂದು. ಆಮೇಲೆ ಮೆಲ್ಲಗೆ ಹೇಳತೊಡಗಿದರು. ಬಾಗಿಲು ಕಿಟಾರನೆ ಅರಚಿಕೊಂಡಿತು. ಹಿಂದೆ ಜನ ನಿಂತರು, ಕಾವಲಿನವರು ಎದ್ದು ಬಂದರು, ಮೇಲೆ ಮೀಟಿಂಗಿಗೆ ಹೊತ್ತಾಗುತ್ತಿತ್ತು, ಮಂಡಿ ನೋಯುತ್ತಿತ್ತು. ಅಷ್ಟು ಗದ್ದಲದಲ್ಲಿ ಆ ದನಿ ಕೇಳಿಸುವುದೇ ಕಷ್ಟ. ನಾನು ಇನ್ನೂ ಹತ್ತಿರ ಹೋಗಿ ಕಿವಿಕೊಟ್ಟೆ.